ಸವಳು ಮಣ್ಣಿನ ಉಂಡೆ

ನಮ್ಮ ಮಾವ ಸತ್ಯವಂತರು. ಅವರ ಸತ್ಯವಂತಿಕೆಯಿಂದಲೇ ಒಮ್ಮೆ ನಮ್ಮ ಮನೆಯ ಮಾನ ಹೋಗುವುದರಲ್ಲಿತ್ತು. ಅದನ್ನು ಉಳಿಸಿದವಳು ನಾನು. ಹೀಗೆ ಮುಖಕ್ಕೆ ಹೊಡೆದಂತೆ ಹೇಳಿದರೆ ಜಂಬದವಳು ಅನ್ನುತ್ತಾರೆ. ಅನ್ನಲಿ ಬಿಡಿ. ಆ ದಿನ ಬಳ್ಳಾರಿಯ ಕಸಾಯಿಖಾನೆಯಲ್ಲಿ ನಿಂತು ನೋಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ, ಹಾಗಾಗಿ ಹೇಳುವ ಹಕ್ಕೂ ನನ್ನದೇ.

ಅದು ಎರಡನೆಯ ಮಹಾಯುದ್ಧದ ಕಾಲ. ದಂಡು ಪ್ರದೇಶದಲ್ಲಿ ಸಿಪಾಯಿಗಳು ತುಂಬಿ ತುಳುಕುತ್ತಿದ್ದರು, ಅವರ ಅಡುಗೆಮನೆಗೆ ದೊಡ್ಡ ಮಾಂಸ, ಅಂದರೆ ದನ-ಎಮ್ಮೆಯದು, ಬೇಕಿತ್ತು. ಮಾವ ದನದ ವ್ಯಾಪಾರಿ. ಸಿರುಗುಪ್ಪ, ಸಿರಿಗೇರಿ, ಕುರುಗೋಡಿನ ಸುತ್ತಲ ಹಳ್ಳಿಗಳಲ್ಲಿ ತಿರುಗಿ ಗೊಡ್ಡೆಮ್ಮೆಗಳನ್ನೂ ಗಾಡಿಗೆ ಬಾರದ ಕೋಣಗಳನ್ನೂ ಕೊಂಡು, ಕೌಲ್ ಬಜಾರಿನ ನಮ್ಮ ದೊಡ್ಡಿಗೆ ನಡೆಸಿಕೊಂಡು ಬರುತ್ತಿದ್ದರು. ಕಸಾಯಿಖಾನೆ ಅಲ್ಲಿಂದ ಕೂಗಳತೆ. ಕೊಯ್ಯುವವರು ಒಬ್ಬ ಕಸಾಯಿ ಸಾಬರು, ಮಾವನ ಇಪ್ಪತ್ತು ವರ್ಷದ ಜೊತೆಗಾರರು. ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ರೈಲ್ವೆ ಗ್ಯಾಂಗಿನಲ್ಲಿ ಗುಂತಕಲ್ಲಿನ ಕಡೆ ಇದ್ದರು, ಬಂದರೆ ಭಾನುವಾರ ಬರುತ್ತಿದ್ದರು. ಹೀಗಾಗಿ ಮನೆಯಲ್ಲಿದ್ದವರು ನಾನು ಮತ್ತು ಮಾವ, ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲೇ.

ನನ್ನ ಕೆಲಸ ಎರಡು. ಬೆಳಿಗ್ಗೆ ಕಸಾಯಿಖಾನೆಯ ಹಿಂದಿನ ತೊಟ್ಟಿಯಲ್ಲಿ ಕರುಳು ಬೋಟಿ ತೊಳೆಯುವುದು. ಆಮೇಲೆ ನಮ್ಮ ಪಾಲಿಗೆ ಬಂದ ಮಾಂಸವನ್ನು ಉದ್ದುದ್ದ ಸೀಳಿ, ಅರಿಶಿನ ಸವರಿ, ಅಂಗಳದ ಹಗ್ಗದ ಮೇಲೆ ಒಣಹಾಕುವುದು. ಬಳ್ಳಾರಿಯ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ್ದು. ಎರಡು ದಿನಕ್ಕೆ ಖಂಡ ಕಟಕಟ ಮುರಿಯುವಂತೆ ಒಣಗುತ್ತಿತ್ತು. ನನ್ನ ಹಗ್ಗದ ಖಂಡಕ್ಕೆ ಇಡೀ ಕೇರಿಯಲ್ಲಿ ಹೆಸರಿತ್ತು.

ಇನ್ನು ಮಾವನ ಸತ್ಯದ ವಿಷಯ. ದನದ ವ್ಯಾಪಾರದಲ್ಲಿ ಒಂದು ಹಳೆಯ ಮೋಸವಿದೆ. ಸಂತೆಯ ಹಿಂದಿನ ದಿನ ದನಕ್ಕೆ ಬೊಗಸೆಗಟ್ಟಲೆ ಉಪ್ಪು ತಿನ್ನಿಸುತ್ತಾರೆ. ಮರುದಿನ ಅದು ಬಾಯಾರಿ ಕೊಡಗಟ್ಟಲೆ ನೀರು ಕುಡಿಯುತ್ತದೆ. ಹೊಟ್ಟೆ ಉಬ್ಬುತ್ತದೆ, ಬಡಕಲು ದನ ಕೊಬ್ಬಿದಂತೆ ಕಾಣುತ್ತದೆ. ಮಾವ ಹರೆಯದಲ್ಲಿ ಸಿರುಗುಪ್ಪ ಸಂತೆಯಲ್ಲಿ ಅಂಥದೊಂದು ಕೋಣಕ್ಕೆ ಮರುಳಾಗಿ ಕೊಂಡಿದ್ದರಂತೆ. ಕುರುಗೋಡು ಮುಟ್ಟುವಷ್ಟರಲ್ಲಿ ನೀರೆಲ್ಲ ದಾರಿಯ ಪಾಲಾಗಿ, ಪಕ್ಕೆಲುಬು ಎಣಿಸುವ ಹಾಗೆ ಆಗಿತ್ತಂತೆ. ಕೇರಿಗೆ ಕೇರಿಯೇ ನಕ್ಕಿತ್ತು. ಅಂದೇ ಮಾವ ದೀಪ ಮುಟ್ಟಿ ಆಣೆ ಮಾಡಿದ್ದರು: ನನ್ನ ಈ ಕೈ ದನಕ್ಕೆ ಉಪ್ಪು ಕೊಡುವುದಿಲ್ಲ.

ಆಣೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ವರ್ಷ ಕಳೆದಂತೆ ಅದು ಬೆಳೆಯಿತು. ಉಪ್ಪು ಕೊಡದಿದ್ದರೆ ಸಾಲದು, ನೀರನ್ನೂ ಕುಡಿಸಬಾರದು ಎಂದಾಯಿತು. ಆಮೇಲೆ ಮೇವೂ ನಿಂತಿತು. ದನ ಸಿರುಗುಪ್ಪ ಬಿಟ್ಟಿತೆಂದರೆ ಎರಡು ದಿನ ಬಿಸಿಲಲ್ಲಿ ನಡೆದು, ಒಣ ಬಾಯಲ್ಲಿ ಬಂದು, ಅದೇ ಸಂಜೆ ಕಸಾಯಿಖಾನೆಯ ಗೇಟಿನಲ್ಲಿ ನಿಲ್ಲುತ್ತಿತ್ತು. ಒಳಗೆ ಅಂಟಿದ ಅದರ ಹೊಟ್ಟೆಯನ್ನು ಮಾವ ಎಲ್ಲರೆದುರು ತಟ್ಟಿ, "ನೋಡ್ರಿ, ಬರೇ ಹೊಟ್ಟಿ! ನನ್ನ ದನದಾಗ ಒಂದು ಚೊಂಬು ನೀರು ಇದ್ರ ನನ್ನ ಕೇಳ್ರಿ" ಅನ್ನುತ್ತಿದ್ದರು. ಅದು ಅವರ ಹೆಮ್ಮೆ. ಪಾಪ, ಆ ದನಗಳ ಕಣ್ಣು ನೋಡಲು ನನಗೆ ಆಗುತ್ತಿರಲಿಲ್ಲ.

ಕಸಾಯಿಖಾನೆಗೆ ಒಬ್ಬ ದನದ ಡಾಕ್ಟರು ಬರುತ್ತಿದ್ದರು. ಕರಾವಳಿ ಕಡೆಯ ತೆಲುಗಿನವರು, ಬೆಳ್ಳಗಿನ ಪ್ಯಾಂಟು, ಕೈಯಲ್ಲಿ ಸಣ್ಣ ಚಾಕು. ಕೊಯ್ಯುವ ಹಿಂದಿನ ಸಂಜೆ ದನ ನೋಡುವುದು, ಕೊಯ್ದ ಮೇಲೆ ಮಾಂಸ ನೋಡುವುದು, ಸರಿ ಇದ್ದರೆ ತೊಡೆಯ ಮೇಲೆ ನೀಲಿ ಮುದ್ರೆ ಒತ್ತಿಸುವುದು ಅವರ ಕೆಲಸ. ಆ ಮುದ್ರೆ ಇಲ್ಲದೆ ಒಂದು ತುಂಡೂ ದಂಡಿಗೆ ಹೋಗುವಂತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ಮಾಂಸ ಕಪ್ಪಾಗಿ ಬರತೊಡಗಿತು. ಅಲ್ಲೊಂದು ಇಲ್ಲೊಂದು ಮೊದಲೂ ಬರುತ್ತಿತ್ತು, ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಈಗ ಸಾಲಾಗಿ ಬಂತು. ನೇರಳೆಹಣ್ಣು ಹಿಂಡಿದ ಬಟ್ಟೆಯ ಬಣ್ಣ, ಮುಟ್ಟಿದರೆ ಅಂಟಂಟು, ಮಧ್ಯಾಹ್ನಕ್ಕೆ ವಾಸನೆ. ಡಾಕ್ಟರು ಚಾಕು ಹಾಕಿ ನೋಡಿದರು, ಮೂಗು ಮುರಿದರು. ಮಾವನ ಕಡೆ ತಿರುಗಿ, "ಏಮಯ್ಯಾ ಯಜಮಾನಾ, ರಾತ್ರಿ ಸತ್ತ ದನಾನ ಕೊಯ್ಸಿದ್ಯಾ?" ಎಂದರು. ದಂಡಿಗೆ ಹೋಗಬೇಕಿದ್ದದ್ದನ್ನೆಲ್ಲ ಫಿನಾಯಿಲ್ ಸುರಿಸಿ ಗುಂಡಿಗೆ ಹಾಕಿಸಿದರು, ನಮ್ಮ ಪಾಲಿನ ತುಂಡುಗಳಷ್ಟೇ ಮನೆಗೆ ಬಂದವು. ಹತ್ತು ದಿನಕ್ಕೆ ಇನ್ನೊಮ್ಮೆ ಹಾಗೇ ಆಯಿತು. ಆಗ ಅವರು, ಮೂರನೆಯ ಸಲವೂ ಹೀಗಾದರೆ ನಿನ್ನ ದನ ಈ ಗೇಟು ದಾಟುವುದಿಲ್ಲ, ಸತ್ತ ದನ ಕೊಯ್ಯಿಸುವವನು ಎಂದು ಮೇಲಕ್ಕೆ ಬರೆಯುತ್ತೇನೆ ಎಂದುಬಿಟ್ಟರು.

ಈ ಮಾತು ಬೇರೆ ವ್ಯಾಪಾರಿಗೆ ಬರೀ ಬೈಗುಳ. ನಮಗೆ ಹಾಗಲ್ಲ. ನಮ್ಮ ಹಿರಿಯರಿಗೆ ಊರಿನ ಸತ್ತ ದನ ಎಳೆಯುವುದೇ ಬಾಳಾಗಿತ್ತು. ಊರವರು ಎಳೆಸಿಕೊಂಡರು, ಎಳೆದವರನ್ನು ಹತ್ತಿರ ಸೇರಿಸಲಿಲ್ಲ. ಮಾವ ಇಪ್ಪತ್ತರ ಹರೆಯದಲ್ಲಿ ಆ ಎಳೆಯುವ ಹಗ್ಗವನ್ನು ಊರ ಚಾವಡಿಯ ಮುಂದೆ ಎಸೆದು, ಇನ್ನು ನಾನು ಮುಟ್ಟಿದರೆ ಜೀವ ಇರುವ ದನವನ್ನೇ ಮುಟ್ಟುವುದು ಎಂದು ಬಳ್ಳಾರಿಗೆ ಬಂದವರು. ಅಂಥವರನ್ನು ಹಿಡಿದು ಸತ್ತ ದನದವನು ಅಂದರೆ ಹೇಗಿರಬೇಡ? ಆ ದಿನ ಮಾವ ಊಟ ಮಾಡಲಿಲ್ಲ. ದೊಡ್ಡಿಯ ಕಲ್ಲಿನ ಮೇಲೆ ಕುಳಿತವರು ಸಂಜೆಯವರೆಗೂ ಏಳಲಿಲ್ಲ. ನನಗೆ ಡಾಕ್ಟರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಬೋಟಿ ತೊಳೆದ ನೀರನ್ನು ಅವರ ಬೆಳ್ಳಗಿನ ಪ್ಯಾಂಟಿಗೆ ಎರಚೋಣ ಅನ್ನಿಸಿತ್ತು.

ಕಾರಣ ನನಗೆ ತಿಳಿದದ್ದು ನನ್ನ ಹಗ್ಗದಿಂದ. ನಾನು ಒಂದೊಂದು ದನದ ಖಂಡವನ್ನು ಬೇರೆ ಬೇರೆ ಹಾಕುವವಳು, ಕಲಸುವವಳಲ್ಲ. ಕುರುಗೋಡಿನಿಂದ ಬಂದ ದನದ್ದು ಬಾಗಿಲ ಕಡೆಗೆ, ಸಿರುಗುಪ್ಪದ್ದು ಬೇವಿನ ಮರದ ಕಡೆಗೆ. ನೋಡುತ್ತೇನೆ, ಬಾಗಿಲ ಕಡೆಯದು ಕೆಂಪಗೆ ಒಣಗುತ್ತಿದೆ. ಮರದ ಕಡೆಯದು ಮೂರು ದಿನವಾದರೂ ಜಿಗುಟು, ನೊಣ ಮುತ್ತಿದೆ. ದೂರ ನಡೆದ ದನದ್ದೇ ಕಪ್ಪು. ಆದರೆ ಮರದ ಕಡೆಯಲ್ಲಿ ಒಂದೇ ಒಂದು ದನದ ಖಂಡ ಕೆಂಪಗಿತ್ತು. ಅದು ಯಾವುದು ಎಂದು ನೆನಪಿಸಿಕೊಂಡವಳು ನಾಲಿಗೆ ಕಚ್ಚಿಕೊಂಡೆ.

ಅದು ಸಿರುಗುಪ್ಪದ ಕುಂಟೆಮ್ಮೆ. ಅದು ಬಂದ ದಿನ ಸಾಬರಿಗೆ ಜ್ವರ, ಹಾಗಾಗಿ ಎರಡು ದಿನ ನಮ್ಮ ದೊಡ್ಡಿಯಲ್ಲೇ ಉಳಿದಿತ್ತು. ಮಾವ ಮತ್ತೆ ಹಳ್ಳಿಗೆ ಹೋಗಿದ್ದರು. ಅವರಿಲ್ಲದಾಗ ನಾನು ಆ ಎಮ್ಮೆಗೆ ಕದ್ದು ನೀರು ಕುಡಿಸಿದ್ದೆ, ನೆರಳಿಗೆ ಕಟ್ಟಿದ್ದೆ. ಸುಮ್ಮನಿರದೆ ಇನ್ನೊಂದು ಕೆಲಸವನ್ನೂ ಮಾಡಿದ್ದೆ.

ನನ್ನ ತವರು ಕುರುಗೋಡು. ಅಲ್ಲಿ ಗುಡ್ಡದ ಕೆಳಗೆ, ಹಿಂದೆ ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಒಂದು ಹಳೆಯ ದಿಬ್ಬವಿತ್ತು. ಸುತ್ತ ನೆಲವೆಲ್ಲ ಸವಳು, ಬೇಸಿಗೆಯಲ್ಲಿ ಬಿಳಿ ಹಿಟ್ಟು ಚೆಲ್ಲಿದಂತೆ ಉಪ್ಪು ಮೇಲೇಳುವ ಮಣ್ಣು. ಮೇಯಲು ಬಿಟ್ಟ ದನಗಳು ದಿನಾ ಅಲ್ಲಿಗೆ ಹೋಗಿ ಆ ಮಣ್ಣು ನೆಕ್ಕದೆ ಮನೆಗೆ ಬರುತ್ತಿರಲಿಲ್ಲ. ನಮ್ಮವ್ವ ಆ ಮಣ್ಣನ್ನು ತಂದು ತೌಡು, ಚೂರು ಬೆಲ್ಲ, ಚಿಟಿಕೆ ಕಲ್ಲುಪ್ಪು ಸೇರಿಸಿ ಉಂಡೆ ಕಟ್ಟಿ, ದಣಿದು ಬಂದ ಎತ್ತಿಗೆ ನೆಕ್ಕಲು ಕೊಡುತ್ತಿದ್ದಳು. ನಾನು ಬಳ್ಳಾರಿಗೆ ಬರುವಾಗ ಬಟ್ಟೆ ಒಗೆಯಲೆಂದು ಒಂದು ಚೀಲ ಸವಳು ಮಣ್ಣು ತಂದಿದ್ದೆ. ಆ ಕುಂಟೆಮ್ಮೆಗೆ ಅದರಲ್ಲಿ ಎರಡು ಉಂಡೆ ಕಟ್ಟಿ ಕೊಟ್ಟಿದ್ದೆ. ಅದು ನೆಕ್ಕಿದ ಪರಿ ನೋಡಬೇಕಿತ್ತು, ನನ್ನ ಅಂಗೈಯನ್ನೇ ತಿನ್ನುತ್ತದೇನೋ ಅಂದುಕೊಂಡೆ.

ಈಗ ಇದನ್ನು ಮಾವನಿಗೆ ಹೇಳಬೇಕು. ಬೆಕ್ಕಿನ ಹಾಗೆ ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ರೊಟ್ಟಿ ಬಡಿಯುತ್ತಲೇ ಹೇಳಿಬಿಟ್ಟೆ.

"ಮಾವಾ, ದನ ಸಾಯಿಸಿ ತರಾಕತ್ತೀವಿ ಅನ್ನೋದು ಪೂರಾ ಸುಳ್ಳಲ್ಲ ನೋಡ್ರಿ. ಕೊಯ್ಯೋಕ ಮುಂಚೇನ ನಾವು ಅದನ್ನ ಅರ್ಧಾ ಸಾಯಿಸಿರ್ತೀವಿ. ನೀರಿಲ್ಲ, ನೆಳ್ಳಿಲ್ಲ, ಬಾಯಿಗೆ ಉಪ್ಪಿಲ್ಲ."

ಮಾವ ತಟ್ಟೆ ಸರಿಸಿದರು. ನಾನು ಕುಂಟೆಮ್ಮೆಯ ಕಥೆಯನ್ನೂ ಹೇಳಿ ಮುಗಿಸಿದೆ. ಅವರ ಕಣ್ಣು ಕೆಂಪಾದವು.

"ನನ್ನ ದೊಡ್ಯಾಗ ಉಪ್ಪಾ? ಯಾರನ್ನ ಕೇಳಿ ಕೊಟ್ಟಿ? ದೀಪ ಮುಟ್ಟಿದ ಕೈ ಇದು! ಉಪ್ಪು ತಿನ್ಸೋ ಕಳ್ರ ಸಾಲಿಗೆ ನನ್ನ ನಿಂದ್ರಸ್ತೀಯೇನು?"

"ಸಂತೀ ಹಿಂದಿನ ದಿನ ಹೊಟ್ಟಿ ಉಬ್ಬಸಾಕ ಕೊಟ್ರ ಅದು ಕಳ್ಳತನ. ದಣದು ಬಂದ ಜೀವಕ್ಕ ಎಲ್ಡು ದಿನ ಮುಂಚೆ ಕೊಟ್ರ ಅದು ಊಟ. ನಿಮಗ ನಾನು ಉಪ್ಪಿಲ್ದ ಸಾರು ಹಾಕಿದ್ರ ಉಣ್ತೀರೇನು?"

ಮಾವ ಎದ್ದು ಹೊರಗೆ ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ನಾನೂ ಬಿಟ್ಟುಕೊಡಲಿಲ್ಲ, ಅವರೇ ಬಾಯಿಬಿಟ್ಟು ಕೇಳುವವರೆಗೆ ಸಾರಿಗೆ ಉಪ್ಪು ಹಾಕುವುದಿಲ್ಲ ಎಂದು ನಿಲ್ಲಿಸಿಬಿಟ್ಟೆ. ಅವರೂ ಕೇಳದೆ ಉಂಡರು. ಅಷ್ಟು ಹಟ!

ಮೂರನೆಯ ದಿನ ಸಾಬರು ಬಂದರು. ಮಾವ ಅವರ ಹತ್ತಿರ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡರು ಅಂತ ಕಾಣುತ್ತದೆ. ಸಾಬರು ಚಾ ಕುಡಿಯುತ್ತ ನಿಧಾನವಾಗಿ ಹೇಳಿದರು.

"ಭಾಯಿ, ಕಣ್ಣಿಗಿಂತ ಮುಂಚೆ ನನ್ನ ಕತ್ತೀಗೆ ತಿಳೀತೈತಿ. ಕಪ್ಪು ಖಂಡ ಕತ್ತೀಗೆ ಅಂಟ್ತೈತಿ. ಆ ಕುಂಟೆಮ್ಮಿ ಖಂಡ ಅಂಟ್ಲಿಲ್ಲ. ಬೇಟಿ ಹೇಳೋದು ಖರೆ ಐತಿ."

ಮಾವ ಚಾ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಕಡೆ ನೋಡದೆ, "ಆತು. ಒಂದು ಸಲ. ಆದ್ರ ಕದ್ದು ಮಾಡಾಂಗಿಲ್ಲ. ಉಪ್ಪು ಕೊಟ್ಟೀನಿ ಅಂತ ಡಾಕ್ಟರಿಗೆ ನಾನ ಬಾಯಿಬಿಟ್ಟು ಹೇಳ್ತೀನಿ" ಎಂದರು.

ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಮೊದಲೇ ಅನುಮಾನದ ಕಣ್ಣು, ಮೂರನೆಯ ಸಲ ಬೇರೆ. ಅದರ ಮೇಲೆ ಉಪ್ಪು ತಿನ್ನಿಸಿದ್ದೇನೆ ಎಂದು ಇವರೇ ಡಂಗುರ ಹೊಡೆದರೆ ಯಾರು ನಂಬುತ್ತಾರೆ? ಹೇಳಬೇಡಿ ಎಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಸತ್ಯ ಹೇಳುವುದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ನೀನು ಹೇಳಿದಂತೆ ಅಂದರು.

ಹೇಳಿದಂತೆಯೇ ಮಾಡಿದರು ಕೂಡ. ಸಿರುಗುಪ್ಪದಿಂದ ನಾಲ್ಕು ಎಮ್ಮೆ ಹೊಡೆದುಕೊಂಡು ಹೊರಟವರು ಸಿರಿಗೇರಿಯಲ್ಲಿ ನಿಲ್ಲಿಸಿ ನೀರು ಕುಡಿಸಿದರು. ಕುರುಗೋಡಿನಲ್ಲಿ ನಮ್ಮ ತವರಿನ ಹಿತ್ತಲಲ್ಲಿ ಒಂದು ದಿನ ಮಲಗಿಸಿ, ದಿಬ್ಬದ ಸವಳು ಮಣ್ಣನ್ನು ಚೀಲದಲ್ಲಿ ಹೊತ್ತು ತಂದರು. ಕೊಳಗಲ್ಲಿನ ಹತ್ತಿರ ಬಿಸಿಲು ಇಳಿಯುವವರೆಗೂ ಮರದಡಿ ಕುಳಿತರಂತೆ. ಕೋಲು ಎತ್ತಲಿಲ್ಲ, ಓಡಿಸಲಿಲ್ಲ. ದೊಡ್ಡಿಗೆ ಬಂದ ಮೇಲೆ ಎರಡು ದಿನ ನೆರಳು, ನೀರು, ಜೋಳದ ಸೊಪ್ಪೆ. ಉಂಡೆ ಕಟ್ಟಿದವಳು ನಾನು. ಕೊಡುವ ಹೊತ್ತಿಗೆ ಮಾವ ಕೈ ಚಾಚಿ, "ಇತ್ಲಾಗ ಕೊಡು, ಆಣಿ ಮುರಿಯೋದಾದ್ರ ನನ್ನ ಕೈಲೇನ ಮುರೀಲಿ" ಎಂದು ತಾವೇ ತಿನ್ನಿಸಿದರು. ಎಮ್ಮೆಗೆ ಅದೆಲ್ಲ ಏನು ಗೊತ್ತು, ಸೊರ ಸೊರ ನೆಕ್ಕಿತು.

ಕೊಯ್ಯುವ ಹಿಂದಿನ ಸಂಜೆ ಡಾಕ್ಟರು ಗೇಟಿನಲ್ಲಿ ದನ ನೋಡಲು ಬಂದರು. ಸುತ್ತ ಬೇರೆ ವ್ಯಾಪಾರಿಗಳೂ ಇದ್ದರು. ಮಾವ ಟವೆಲ್ಲು ಹೆಗಲಿನಿಂದ ಇಳಿಸಿದರು.

"ಸಾರ್, ಈ ನಾಲ್ಕಕ್ಕೂ ನಾನು ಉಪ್ಪು ಕೊಟ್ಟೀನ್ರಿ. ಎಲ್ಡು ದಿನದಿಂದ ಕೊಟ್ಟೀನ್ರಿ."

ಯಾರೋ ಕಿಸಕ್ಕನೆ ನಕ್ಕರು. ದೀಪ ಮುಟ್ಟಿದವ ಉಪ್ಪಿಗೆ ಬಂದ ನೋಡು ಎಂದ ಮಾತು ನನ್ನ ಕಿವಿಗೂ ಬಿತ್ತು. ಡಾಕ್ಟರ ಹುಬ್ಬು ಮೇಲೇರಿತು. ಎಮ್ಮೆಗಳ ಹೊಟ್ಟೆ ಒತ್ತಿ ನೋಡಿದರು, ಕಣ್ಣು ನೋಡಿದರು. "ಸರೇ. ಬೆಳಿಗ್ಗೆ ಹೊಟ್ಟೆ ಬಿಚ್ಚೋವಾಗ ನಾನೇ ನಿಂತು ನೋಡ್ತೀನಿ" ಎಂದಷ್ಟೇ ಹೇಳಿ ಹೋದರು.

ಬೆಳಿಗ್ಗೆ ಬೋಟಿ ಒಯ್ಯುವ ನೆಪದಲ್ಲಿ ನಾನು ತೊಟ್ಟಿ ಬಿಟ್ಟು ಕೊಯ್ಯುವ ಕಟ್ಟೆಯ ಪಕ್ಕಕ್ಕೇ ಬಂದು ನಿಂತೆ. ಸಾಬರು ದೇವರ ಹೆಸರು ಹೇಳಿ ಕೊಯ್ದರು. ಎಮ್ಮೆಗಳು ಒದ್ದಾಡಲಿಲ್ಲ. ಹೊಟ್ಟೆ ಬಿಚ್ಚಿದಾಗ ಡಾಕ್ಟರು ಬಗ್ಗಿ ನೋಡಿದರು. ಮೋಸದ ದನವಾಗಿದ್ದರೆ ನೀರು ಕಟ್ಟೆಯ ತುಂಬ ಹರಿಯಬೇಕಿತ್ತು, ಹರಿಯಲಿಲ್ಲ. ಒಂದು ಗಂಡಾಂತರ ದಾಟಿತು ಎಂದುಕೊಂಡೆ. ನಾಲ್ಕೂ ದೇಹಗಳನ್ನು ಕೊಕ್ಕೆಗೆ ಏರಿಸಿದರು. ಬಿಸಿಲು ಎದುರಿನ ಗೋಡೆಗೆ ಬರುವವರೆಗೆ ಡಾಕ್ಟರು ಬೇರೆಯವರ ಮಾಂಸ ನೋಡಿದರು. ಆಮೇಲೆ ನಮ್ಮ ಕೊಕ್ಕೆಯ ಹತ್ತಿರ ಬಂದು, ಮೊದಲ ಎಮ್ಮೆಯ ತೊಡೆಗೆ ಚಾಕು ಇಳಿಸಿ ಆಳವಾಗಿ ಸೀಳಿದರು.

ಕಪ್ಪು.

ಹಿಂದಿನ ಸಂಜೆ ನಕ್ಕ ವ್ಯಾಪಾರಿಗಳು ಮತ್ತೆ ನಕ್ಕರು. ಮಾವ ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಇಂದಿಗೂ ನನಗದು ಸಹಿಸಲಾಗದು. ಅಷ್ಟರಲ್ಲಿ ನನಗೆ ನನ್ನ ಹಗ್ಗ ನೆನಪಾಯಿತು. ಒಳ್ಳೆಯ ಖಂಡವೂ ಸೀಳಿದ ಕೂಡಲೇ ಮಬ್ಬಾಗಿಯೇ ಇರುತ್ತದೆ. ಗಾಳಿಗೆ ಹರವಿದ ಮೇಲೆಯೇ ಅದರ ಬಣ್ಣ ಏಳುವುದು. ಕೆಟ್ಟದ್ದು ಎಷ್ಟು ಹೊತ್ತಾದರೂ ಏಳುವುದಿಲ್ಲ. ಹೆಂಗಸರು ಮಾತಾಡುವ ಜಾಗ ಅದಲ್ಲ, ಆದರೂ ಕೂಗಿದೆ.

"ಡಾಕ್ಟರ್ ಸಾಹೇಬ್ರ, ಒಂಚೂರು ತಡೀರಿ! ಗಾಳಿ ಆಡ್ಲಿ! ನೀವು ಒಂದು ಸಿಗರೇಟು ಸೇದೋದ್ರಾಗ ಬಣ್ಣ ಬರ್ಲಿಲ್ಲಂದ್ರ ನಾನ ಗುಂಡಿ ತೋಡ್ತೀನಿ!"

ಡಾಕ್ಟರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೊಣಕೈವರೆಗೆ ಬೋಟಿಯ ಹೊಲಸು, ಸೊಂಟಕ್ಕೆ ಸಿಕ್ಕಿಸಿದ ಸೀರೆ. ಅವರಿಗೆ ನಗು ಬಂತೋ ಸಿಟ್ಟು ಬಂತೋ, ಜೇಬಿನಿಂದ ನಿಜವಾಗಿಯೂ ಸಿಗರೇಟು ತೆಗೆದು ಹಚ್ಚಿದರು. ಎಲ್ಲರೂ ಆ ಸೀಳನ್ನೇ ನೋಡುತ್ತ ನಿಂತೆವು. ಅಂಥ ಉದ್ದದ ಸಿಗರೇಟನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಮೊದಲು ಅಂಚು ತಿಳಿಯಾಯಿತು. ಆಮೇಲೆ ನಡುವೆ ಕೆಂಪು ಒಸರಿತು. ಕಣ್ಣೆದುರೇ ಆ ಕಪ್ಪು ಕರಗಿ, ಹೊಸದಾಗಿ ಅರೆದ ಹಣ್ಣುಮೆಣಸಿನಕಾಯಿ ಖಾರದ ಹಾಗೆ ತೊಡೆಯೆಲ್ಲ ಕೆಂಪಗೆ ಬೆಳಗಿತು. ಡಾಕ್ಟರು ಸಿಗರೇಟು ಎಸೆದರು, ಬೆರಳಿನಿಂದ ಒತ್ತಿ ನೋಡಿದರು, ಬೆರಳನ್ನು ಎತ್ತಿದರು. ಅಂಟಲಿಲ್ಲ. ಎರಡನೆಯದು ಸೀಳಿದರು, ಮೂರನೆಯದು, ನಾಲ್ಕನೆಯದು. ಒಂದೊಂದೂ ಕಾಯಿಸಿ ಕಾಯಿಸಿ ಕೆಂಪಾಯಿತು. ಆಗ ಮುದ್ರೆ ಒತ್ತುವ ಜವಾನನ ಕಡೆ ತಿರುಗಿ, "ಮುದ್ರ ವೆಯ್ಯಿ!" ಎಂದರು.

ಧಪ್, ಧಪ್ ಎಂದು ನೀಲಿ ಮುದ್ರೆ ಬಿದ್ದ ಸದ್ದಿಗೆ ನಾನು ಎಲ್ಲರೆದುರು ಚಪ್ಪಾಳೆ ತಟ್ಟಿದೆ. ಕೈಯಲ್ಲಿದ್ದ ಹೊಲಸು ಪಕ್ಕದಲ್ಲಿ ನಿಂತು ನಕ್ಕಿದ್ದವನ ಅಂಗಿಗೆ ಸಿಡಿಯಿತು. ಬೇಕೆಂದು ಮಾಡಿದ್ದಲ್ಲ, ಆದರೆ ಬೇಸರವೂ ಆಗಲಿಲ್ಲ. ಸಾಬರು ಆಕಾಶ ನೋಡಿ ಕೈಯೆತ್ತಿದರು.

ಡಾಕ್ಟರು ಮಾವನ ಹತ್ತಿರ ಬಂದು, ಸತ್ತ ದನ ಎಂದದ್ದು ನನ್ನ ತಪ್ಪು ಎಂದರು. ಎಲ್ಲರಿಗೂ ಕೇಳುವಂತೆಯೇ ಅಂದರು, ಅದಕ್ಕಾಗಿ ನಾನು ಅವರ ಬೆಳ್ಳಗಿನ ಪ್ಯಾಂಟನ್ನು ಕ್ಷಮಿಸಿದೆ. "ಏನು ಮಾಡಿದ್ರಿ ಹೇಳಿ" ಎಂದು ಕೇಳಿದಾಗ ಮಾವ, "ನಮ್ಮ ಸೊಸೀನ ಕೇಳ್ರಿ. ಆಕೀದ ವಿದ್ಯಾ" ಎಂದರು. ಸೆರಗಿನಲ್ಲಿದ್ದ ಉಂಡೆಯನ್ನು ನಾನು ಕೊಟ್ಟೆ. ಡಾಕ್ಟರು ಮೂಸಿ ನೋಡಿದರು, ಅತ್ತಿತ್ತ ನೋಡಿ ನಾಲಿಗೆಯ ತುದಿಗೂ ಮುಟ್ಟಿಸಿದರು. ಉಪ್ಪು ಕೆಲಸ ಮಾಡಿತೋ, ಬೆಲ್ಲವೋ, ನೀರೋ, ಎರಡು ದಿನದ ನೆರಳೋ, ಯಾವುದು ಎಷ್ಟು ಎಂದು ಅವರಿಗೂ ಸರಿಯಾಗಿ ಹೇಳಲಾಗಲಿಲ್ಲ, ನನಗಂತೂ ಗೊತ್ತಿಲ್ಲ. ದಣಿದ ದನದ ಮಾಂಸಕ್ಕೆ ಕೆಂಪಾಗುವ ಶಕ್ತಿಯೇ ಉಳಿದಿರುವುದಿಲ್ಲ ಎಂದಷ್ಟೇ ಬಿಡಿಸಿ ಹೇಳಿದರು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷಕ್ಕೆ ಸರ್ಕಾರಿ ದನದ ಆಸ್ಪತ್ರೆಗೆ ದನ ನೆಕ್ಕುವ ಉಪ್ಪಿನ ಇಟ್ಟಿಗೆಗಳು ಬಂದವು. ಅಷ್ಟರಲ್ಲಿ ಬೇರೆ ವ್ಯಾಪಾರಿಗಳೆಲ್ಲ, ಆ ನಕ್ಕವನೂ ಸೇರಿ, ನಮ್ಮ ದೊಡ್ಡಿಗೆ ಬಂದು ಉಂಡೆ ಕಟ್ಟುವುದನ್ನು ಕಲಿತು ಹೋಗಿದ್ದರು. ನಾನು ಆಸ್ಪತ್ರೆಗೆ ಹೋಗಿ ಆ ಇಟ್ಟಿಗೆಯನ್ನು ಒಮ್ಮೆ ನೆಕ್ಕಿ ನೋಡಿದೆ. ನಮ್ಮದೇ ರುಚಿ, ಬೆಲ್ಲ ಮಾತ್ರ ಇರಲಿಲ್ಲ.

ಆದರೆ ನನಗೆ ನೆನಪಾಗುವುದು ಆ ಮುದ್ರೆ ಬಿದ್ದ ದಿನದ ಮಧ್ಯಾಹ್ನ. ಮಾವ ತಡವಾಗಿ ಮನೆಗೆ ಬಂದು ಊಟಕ್ಕೆ ಕುಳಿತರು. ಬಲಗೈ ಮುಷ್ಟಿ ಕಟ್ಟಿದ್ದರು. ಗಾಯವಾಗಿದೆಯೇನೋ ಎಂದು ಗಾಬರಿಯಾದೆ. ನಿಧಾನವಾಗಿ ಬಿಚ್ಚಿ ತೋರಿಸಿದರು. ಅಂಗೈ ತುಂಬ ನೀಲಿ ಮುದ್ರೆ. ಜವಾನನನ್ನು ಕಾಡಿ ಬೇಡಿ ಒತ್ತಿಸಿಕೊಂಡು ಬಂದಿದ್ದರು.

"ದೀಪ ಮುಟ್ಟಿದ್ದು ಇದ ಕೈ. ಆಣಿ ಮುರಿದಿದ್ದೂ ಇದ ಕೈ. ಡಾಕ್ಟರು ನೋಡಿ ಪಾಸ್ ಮಾಡ್ಯಾರ" ಎಂದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನನಗೂ ಅಳು ತಡೆಯಲಾಗಲಿಲ್ಲ.

ಆಮೇಲೆ ಆ ನೀಲಿ ಅಂಗೈಯನ್ನು ನನ್ನ ಮುಂದೆ ಚಾಚಿದರು.

"ಈಗರ ಸಾರಿಗೆ ಚೂರು ಉಪ್ಪು ಹಾಕವ್ವಾ."